‘ಅರಳಿ ವಿಷ’ ಅಂದರೆ ಯಾವ ಅರಳಿ?

ಓದುಗರ ಪ್ರಶ್ನೆ:

“ಟೀಚರೇ, ನಮ್ಮ ಮನೆ ಬದಿಯಡ್ಕದ ಹತ್ತಿರ. ನಾನು ಮದುವೆಯಾಗಿ ಬಂದದ್ದು ಸುಳ್ಯ ಕಡೆಯಿಂದ. ಮಲಯಾಳಂ ಈಗೀಗ ಕಲಿಯುತ್ತಿದ್ದೇನೆ. ಮೊನ್ನೆ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂತು. ‘ಅರಳಿ ವಿಷ. ಜಗಿದ ನರ್ಸ್ ತೀರಿಕೊಂಡಿದ್ದಾರೆ. ದೇವಸ್ಥಾನಗಳಲ್ಲಿ ಅರಳಿ ನಿಲ್ಲಿಸಿದ್ದಾರೆ’ ಅಂತ. ಅದನ್ನು ಓದಿದವರೊಬ್ಬರು ಭಜನಾ ಮಂದಿರದ ಅರಳಿಕಟ್ಟೆಯಲ್ಲಿ ಆಡುತ್ತಿದ್ದ ಮಕ್ಕಳನ್ನು ಎಬ್ಬಿಸಿ ಕಳಿಸಿದರು. ಪಕ್ಕದ ಮನೆಯ ಮಲಯಾಳಿ ಚೇಚಿ (ಅಕ್ಕ) ನಮ್ಮ ಅಂಗಳಕ್ಕೆ ಬಂದು ‘ಅರಳಿ ನಿಮ್ಮಲ್ಲೂ ಉಂಟಲ್ಲ, ಕಡಿಸಿ’ ಅಂದರು. ಅವರು ತೋರಿಸಿದ್ದು ಕಣಗಿಲೆಯನ್ನು! ನಮ್ಮಲ್ಲಿ ನಾಲ್ಕು ಥರದ ಕಣಗಿಲೆ ಇದೆ. ಹಟ್ಟಿಯ ಬದಿಯಲ್ಲಿ ಕೆಂಪು ಕಣಗಿಲೆ, ಬೇಲಿಯಲ್ಲಿ ಹಳದಿಯದ್ದು, ಅಂಗಳದ ಮೂಲೆಯಲ್ಲಿ ಅತ್ತೆ ನೆಟ್ಟ ದೇವಕಣಗಿಲೆ ಮರ, ಬಾವಿಕಟ್ಟೆಯ ಸುತ್ತ ಕಾಶಿಕಣಗಿಲೆ. ನಾಲ್ಕನ್ನೂ ಕಡಿಯಬೇಕಾ? ಅತ್ತೆ ಸಕ್ಕರೆ ಕಾಯಿಲೆಗೆ ಅಂತ ಕಾಶಿಕಣಗಿಲೆ ಎಲೆಯ ಕಷಾಯ ಕುಡಿಯುತ್ತಾರೆ. ಮಗನಿಗೆ ಆರು ವರ್ಷ. ಹಟ್ಟಿಯಲ್ಲಿ ಒಂದು ಗಿಡ್ಡ ದನ, ಒಂದು ಕರು. ಇನ್ನೊಂದು ಸಣ್ಣ ಸಂಶಯ: ನರ್ಸರಿಯಿಂದ ಬ್ರಹ್ಮಿ ಅಂತ ತಂದ ಗಿಡ ನಮ್ಮ ತಿಮರೆಯ ಹಾಗಿಲ್ಲ. ಮೋಸ ಹೋದೆನಾ?”

ಉತ್ತರ:

ಮೊದಲು ಕಟ್ಟೆಯ ವಿಷಯ. ಮಕ್ಕಳು ಅರಳಿಕಟ್ಟೆಯಲ್ಲಿ ಧಾರಾಳವಾಗಿ ಆಡಲಿ. ಆ ಮರಕ್ಕೂ ಆ ಮೆಸೇಜಿಗೂ ಏನೇನೂ ಸಂಬಂಧವಿಲ್ಲ. ಆದರೆ ನಿಮ್ಮ ಚೇಚಿ ಹೇಳಿದ್ದೂ ಸುಳ್ಳಲ್ಲ. ಹಟ್ಟಿ ಬದಿಯ ಗಿಡವನ್ನು ನೋಡಿ ಅವರು ಹೆದರಿದ್ದು ಸರಿಯಾಗಿಯೇ ಇದೆ.

ಎರಡೂ ಹೇಗೆ ಸರಿ ಅಂತೀರಾ? ಕನ್ನಡದಲ್ಲಿ ಅರಳಿ ಅಂದರೆ ಅಶ್ವತ್ಥ. ಮಲಯಾಳಂನಲ್ಲಿ ಅರಳಿ ಅಂದರೆ ನಮ್ಮ ಕಣಗಿಲೆ. ತಮಿಳಿನಲ್ಲೂ ಅರಳಿ ಅಂದರೆ ಕಣಗಿಲೆಯೇ. ನಮ್ಮ ಅಶ್ವತ್ಥಕ್ಕೆ ಮಲಯಾಳಿಗಳು ಅರಯಾಲ್ ಅನ್ನುತ್ತಾರೆ, ತಮಿಳರು ಅರಸಮರ ಅನ್ನುತ್ತಾರೆ. ನಿಮ್ಮ ಗುಂಪಿಗೆ ಬಂದ ಮೆಸೇಜನ್ನು ಯಾರೋ ಮಲಯಾಳಂನಿಂದ ಕನ್ನಡಕ್ಕೆ ತಂದಿದ್ದಾರೆ. ಉಳಿದ ಮಾತೆಲ್ಲ ಕನ್ನಡವಾಯಿತು. ಗಿಡದ ಹೆಸರಿಗೆ ಮಾತ್ರ ಲಿಪಿ ಬದಲಾಯಿತು, ಹೆಸರು ಬದಲಾಗಲಿಲ್ಲ. ಅಷ್ಟರಿಂದಲೇ ಕಣಗಿಲೆಯ ವಿಷ ಅಶ್ವತ್ಥದ ತಲೆಗೆ ಬಂತು.

ಇದು ನನಗೆ ಹೊಸತಲ್ಲ. ಕಾಸರಗೋಡಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಾಗ ಪ್ರತಿ ವರ್ಷ ಮಕ್ಕಳಿಗೆ ಎಲೆ ತರಲು ಹೇಳುತ್ತಿದ್ದೆ. ಒಂದು ವರ್ಷ ಒಂದೇ ಬೆಂಚಿನ ಇಬ್ಬರು ಹುಡುಗಿಯರು ‘ಅರಳಿ’ ಅಂತ ಚೀಟಿ ಬರೆದು ಎಲೆ ತಂದಿಟ್ಟರು. ಒಬ್ಬಳದ್ದು ಅಂಗೈಯಗಲ, ಹೃದಯದ ಆಕಾರ, ತುದಿಯಲ್ಲಿ ಬಾಲದ ಹಾಗೆ ಉದ್ದಕ್ಕೆ ಇಳಿದ ಮೊನೆ. ಇನ್ನೊಬ್ಬಳದ್ದು ಬೆರಳಿನಷ್ಟು ಕಿರಿದು, ತೊಗಲಿನ ಹಾಗೆ ದಪ್ಪ, ಕಡು ಹಸಿರು. ಇಬ್ಬರೂ ತಮ್ಮದೇ ಸರಿ ಅಂತ ಕೂತಿದ್ದರು. ಇಬ್ಬರದ್ದೂ ಸರಿಯೇ ಆಗಿತ್ತು. ಏಳು ಭಾಷೆ ಆಡುವ ನೆಲದಲ್ಲಿ ಹೀಗಾಗುವುದು ಸಹಜ. ತರಗತಿಯಲ್ಲಾದರೆ ಅದರಿಂದ ತೊಂದರೆ ಇಲ್ಲ. ಹಟ್ಟಿಯಲ್ಲಿ, ಅಡುಗೆಮನೆಯಲ್ಲಿ, ಆಸ್ಪತ್ರೆಯಲ್ಲಿ ತೊಂದರೆ ಇದೆ.

ಮೆಸೇಜಿನ ಹಿಂದಿನ ಸಂಗತಿ ಇಷ್ಟು. 2024ರ ಎಪ್ರಿಲ್ ಕೊನೆಯಲ್ಲಿ ಆಲಪ್ಪುಳ ಕಡೆಯ ಒಬ್ಬ ಯುವ ನರ್ಸ್ ತೀರಿಕೊಂಡರು. ಕಣಗಿಲೆಯನ್ನು ಗೊತ್ತಿಲ್ಲದೆ ಜಗಿದದ್ದೇ ಕಾರಣವಿರಬೇಕು ಎಂಬ ಶಂಕೆ ಎದ್ದಿತು. ಅದೇ ದಿನಗಳಲ್ಲಿ ಕಣಗಿಲೆ ಎಲೆ ತಿಂದು ಹಸು ಮತ್ತು ಕರು ಸತ್ತ ಸುದ್ದಿಯೂ ಕೇರಳದಲ್ಲಿ ಬಂತು. ಮೇ ತಿಂಗಳಲ್ಲಿ ಅಲ್ಲಿನ ದೇವಸ್ಥಾನಗಳ ಆಡಳಿತ ನೋಡುವ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಬೋರ್ಡ್‌ಗಳು ನೈವೇದ್ಯ ಮತ್ತು ಪ್ರಸಾದದಲ್ಲಿ ಅರಳಿ ಹೂ ಬೇಡ ಎಂದು ತೀರ್ಮಾನಿಸಿದವು. ಪೂಜೆಗೆ ಬಳಸಬಾರದು ಅಂತ ಹೇಳಲಿಲ್ಲ, ಬಾಯಿಗೆ ಹೋಗುವ ದಾರಿಯನ್ನಷ್ಟೇ ಮುಚ್ಚಿದರು. ನನ್ನ ಮಟ್ಟಿಗೆ ಅದು ಸರಿಯಾದ ಕ್ರಮ. ಕಣಗಿಲೆ ದೇವರ ಹೂವಾಗಿ ಬಹಳ ಕಾಲದಿಂದ ಇದೆ. ತಮಿಳುನಾಡಿನ ಸೇಲಂ ಕಡೆ ಎಕರೆಗಟ್ಟಲೆ ಬೆಳೆಸಿ ಹಾರಕ್ಕೆ ಕಳಿಸುತ್ತಾರೆ. ಹೂವನ್ನು ದೇವರ ಮುಡಿಗೆ ಇಡುವುದಕ್ಕೂ ತೀರ್ಥದಲ್ಲಿ ನೆನೆಹಾಕುವುದಕ್ಕೂ ವ್ಯತ್ಯಾಸ ಉಂಟು.

ಈಗ ನಿಮ್ಮ ನಾಲ್ಕು ಕಣಗಿಲೆಗಳಿಗೆ ಬರೋಣ. ಇವು ನಾಲ್ಕಕ್ಕೂ ಒಂದೇ ಹೆಸರು ಯಾಕೆ ಬಂತು?

ಇವುಗಳಲ್ಲಿ ಬಹಳ ಹಿಂದಿನಿಂದ ನಮ್ಮಲ್ಲಿರುವುದು ಕೆಂಪು, ಬಿಳಿ ಹೂವಿನ ಕಣಗಿಲೆ. ಹಳದಿಯದ್ದೂ ದೇವಕಣಗಿಲೆಯೂ ಅಮೆರಿಕ ಖಂಡದ ಬಿಸಿನಾಡಿನವು. ಕಾಶಿಕಣಗಿಲೆ ಮಡಗಾಸ್ಕರಿನದ್ದು. ಹೆಸರಲ್ಲಿ ಕಾಶಿ ಇದ್ದರೂ ಕಾಶಿಗೂ ಅದಕ್ಕೂ ನಂಟಿಲ್ಲ. ಹೊಸ ಗಿಡ ಊರಿಗೆ ಬಂದಾಗ ನಮ್ಮ ಹಿರಿಯರು ಅದರ ಹೂವನ್ನು ನೋಡಿದರು. ಐದು ಎಸಳು, ಒಂದರ ಅಂಚು ಇನ್ನೊಂದರ ಮೇಲೆ ಏರಿ ಗಾಳಿಗಿರಗಟೆಯ ಹಾಗೆ ಒಂದೇ ಕಡೆಗೆ ತಿರುಗಿವೆ. ಗೊತ್ತಿರುವ ಕಣಗಿಲೆಯಲ್ಲೂ ಹಾಗೆಯೇ. ಸರಿ, ಇದೂ ಕಣಗಿಲೆ ಅಂದರು. ಗುರುತಿಗೆ ಮುಂದೆ ಒಂದು ಮಾತು ಸೇರಿಸಿದರು: ದೇವ, ಕಾಶಿ, ಹಳದಿ.

ಅವರ ಕಣ್ಣು ತಪ್ಪಲಿಲ್ಲ ಅಂತ ಒತ್ತಿ ಹೇಳಬೇಕು. ಸಸ್ಯಶಾಸ್ತ್ರದಲ್ಲೂ ಈ ನಾಲ್ಕೂ ಒಂದೇ ಕುಟುಂಬಕ್ಕೆ ಸೇರುತ್ತವೆ. ಎಸಳು ಹಾಗೆ ತಿರುಚಿಕೊಂಡಿರುವುದು ಆ ಕುಟುಂಬದ ಗುರುತುಗಳಲ್ಲಿ ಒಂದು. ನಮ್ಮ ನಂದಿಬಟ್ಟಲೂ ಅದೇ ಕುಟುಂಬದ್ದು. ಆದರೆ ನೆಂಟರೆಲ್ಲರ ಗುಣ ಒಂದೇ ಇರುವುದಿಲ್ಲ. ಹೆಸರು ನೆಂಟಸ್ತನವನ್ನು ಹೇಳಿತು, ವಿಷ ಎಷ್ಟಿದೆ ಅಂತ ಹೇಳಲಿಲ್ಲ.

ಹಟ್ಟಿ ಬದಿಯ ಕೆಂಪು ಕಣಗಿಲೆ. ವಿಜ್ಞಾನದಲ್ಲಿ ಇದರ ಹೆಸರು ನೇರಿಯಂ ಓಲಿಯಾಂಡರ್. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು ನೋಡಿ. ನಡುವಿನ ನರದಿಂದ ಸಣ್ಣ ಸಣ್ಣ ನರಗಳು ಬಾಚಣಿಗೆಯ ಹಲ್ಲಿನ ಹಾಗೆ ಒತ್ತೊತ್ತಾಗಿ, ನೇರಕ್ಕೆ ಅಂಚಿನ ಕಡೆಗೆ ಹೋಗುತ್ತವೆ. ಕೊಂಬೆಯಲ್ಲಿ ಎಲೆಗಳು ಸಾಮಾನ್ಯವಾಗಿ ಮೂರು ಮೂರು ಸೇರಿ ಒಂದೇ ಗೆಣ್ಣಿನಿಂದ ಹೊರಡುತ್ತವೆ. ಇವೆರಡು ಗುರುತು ಸಿಕ್ಕಿದರೆ ಹೂವಿಲ್ಲದಿದ್ದರೂ ಇದನ್ನು ಹಿಡಿಯಬಹುದು. ನೋಡಿದ ಮೇಲೆ ಕೈ ತೊಳೆದುಕೊಳ್ಳಿ.

ಇದರ ಎಲೆ, ಹೂ, ಕಾಂಡ, ಬೇರು ಎಲ್ಲವೂ ವಿಷ. ಒಳಗಿರುವ ಓಲಿಯಾಂಡ್ರಿನ್ ಮುಂತಾದ ಅಂಶಗಳು ನೇರ ಹೃದಯಕ್ಕೆ ಕೈ ಹಾಕುತ್ತವೆ. ಹೃದಯದ ಸ್ನಾಯುವಿನ ಪ್ರತಿ ಕಣದಲ್ಲೂ ಸೋಡಿಯಂ ಹೊರಗೆ ತಳ್ಳಿ ಪೊಟ್ಯಾಸಿಯಂ ಒಳಗೆ ಎಳೆಯುವ ಒಂದು ಪಂಪಿನಂಥ ವ್ಯವಸ್ಥೆ ಇರುತ್ತದೆ. ಈ ವಿಷ ಅದನ್ನು ನಿಲ್ಲಿಸುತ್ತದೆ. ಆಮೇಲೆ ಬಡಿತದ ತಾಳ ತಪ್ಪುತ್ತದೆ. ಮೊದಲು ವಾಂತಿ, ಹೊಟ್ಟೆನೋವು, ಸುಸ್ತು. ಬಡಿತದ ತೊಂದರೆ ಕೆಲವೊಮ್ಮೆ ಗಂಟೆಗಳ ನಂತರ ಕಾಣಿಸಿಕೊಳ್ಳುತ್ತದೆ. ‘ವಾಂತಿ ಆಯ್ತಲ್ಲ, ಇನ್ನು ಸರಿಯಾಯ್ತು’ ಅಂತ ಕೂತರೆ ಮೋಸ ಹೋಗುವುದು ಇಲ್ಲೇ.

ಕುದಿಸಿದರೆ ವಿಷ ಹೋಗುತ್ತದೆ, ಒಣಗಿದರೆ ಹೋಗುತ್ತದೆ ಅನ್ನುವವರಿದ್ದಾರೆ. ಎರಡೂ ನಿಜವಲ್ಲ. ಹಾಗೆಯೇ, ಗಿಡದ ನೆರಳು ತಾಗಿದರೆ, ಹೂವಿನ ಪರಿಮಳ ಮೂಸಿದರೆ, ಮುಡಿದರೆ ಅಪಾಯ ಅನ್ನುವುದೂ ನಿಜವಲ್ಲ. ಹೆದ್ದಾರಿಗಳ ನಡುವಿನ ಪಟ್ಟಿಯಲ್ಲಿ ಮೈಲುಗಟ್ಟಲೆ ಇದನ್ನೇ ನೆಟ್ಟಿದ್ದಾರೆ ಅಲ್ವಾ? ನೀರಿಲ್ಲದೆ, ಹೊಗೆ ಕುಡಿದು ಬದುಕುತ್ತದೆ, ಜಾನುವಾರು ಬಾಯಿ ಹಾಕುವುದು ಕಡಿಮೆ ಅಂತ. ಬಾಯಿಗೆ ಹೋಗುವುದು, ಹಸಿಯಾಗಲಿ ಒಣಗಿದ್ದಾಗಲಿ ಸುಟ್ಟ ಹೊಗೆ ಕುಡಿಯುವುದು, ಇವೇ ಅಪಾಯದ ದಾರಿಗಳು.

‘ದನಕ್ಕೆ ಗೊತ್ತಾಗುತ್ತದೆ, ತಿನ್ನುವುದಿಲ್ಲ’ ಎಂಬ ಮಾತಿದೆ. ಅದು ಅರ್ಧ ಸತ್ಯ. ಹಸಿ ಎಲೆ ಕಹಿ, ಹಾಗಾಗಿ ಗಿಡದಿಂದ ನೇರ ತಿನ್ನುವುದು ಕಡಿಮೆ. ಕಡಿದು ಬಾಡಿದ ಎಲೆಯಲ್ಲಿ ಆ ಕಹಿ ಅಷ್ಟು ತಡೆಯುವುದಿಲ್ಲ, ವಿಷ ಮಾತ್ರ ಹಾಗೇ ಇರುತ್ತದೆ. ನನಗೆ ನಿಮ್ಮ ಮನೆಯ ಬಗ್ಗೆ ಜಾಸ್ತಿ ಆತಂಕ ಇರುವುದು ಇಲ್ಲಿಯೇ. ನಮ್ಮ ಕಡೆ ಹಟ್ಟಿಗೆ ಸೊಪ್ಪು ಹಾಕುವ ಕ್ರಮ ಇದೆ. ಕೆಲಸದವರು ಗುಡ್ಡೆಯಿಂದ ಸೊಪ್ಪಿನ ಹೊರೆ ತರುತ್ತಾರೆ. ಸೊಪ್ಪು ಕಡಿಮೆಯಾದ ದಿನ ಪಕ್ಕದಲ್ಲೇ ಇರುವ ಕಣಗಿಲೆಯ ನಾಲ್ಕು ಗೆಲ್ಲು ಕಡಿದು ಹಾಸಿದರೆ? ಕರು ಯಾವುದಕ್ಕೂ ಬಾಯಿ ಹಾಕುವ ವಯಸ್ಸಿನದ್ದು. ಸ್ವಲ್ಪ ಎಲೆ ಸಾಕು. ಪರಿಚಯದ ಒಂದು ಮನೆಯಲ್ಲಿ ಬೇಲಿ ಸವರಿದ ಸಂಜೆ ಹೀಗೆಯೇ ಆಯಿತು. ಬೆಳಿಗ್ಗೆ ನಾನು ಹೋಗುವಾಗ ಕರು ಹೋಗಿಯಾಗಿತ್ತು. ಗೊಂತಿನ ಕೆಳಗೆ ಅರ್ಧ ಜಗಿದ ಎಲೆ ಬಿದ್ದಿತ್ತು. ಅದರಲ್ಲಿ ಆ ಬಾಚಣಿಗೆಯ ನರ ಸ್ಪಷ್ಟವಾಗಿ ಕಾಣುತ್ತಿತ್ತು. ಹೂವಿಗೆ ಅಂತ ಆ ಗಿಡವನ್ನು ಅಲ್ಲಿ ನೆಟ್ಟವರು ಆ ಮನೆಯ ಅಜ್ಜಿ. ಅವರ ಮುಖ ನನಗೆ ಈಗಲೂ ಮರೆಯುವುದಿಲ್ಲ.

ಹಾಗಾಗಿ ಹಟ್ಟಿ ಬದಿಯ ಗಿಡವನ್ನು ಅಲ್ಲಿಂದ ತೆಗೆಯಿರಿ. ಪೂಜೆಗೆ ಹೂ ಬೇಕೇ ಬೇಕು ಅಂತಿದ್ದರೆ ಗೆಲ್ಲು ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಗೇಟಿನ ಹೊರಗೆ, ದನ ಕಟ್ಟದ ಜಾಗದಲ್ಲಿ ಬೆಳೆಸಬಹುದು. ಆದರೆ ಮನೆಗೆ ಕೆಲಸಕ್ಕೆ ಬರುವ ಎಲ್ಲರಿಗೂ ಅದರ ಗುರುತು ಹೇಳಿಡುವ ಹೊಣೆ ನಿಮ್ಮ ಮೇಲೆ ಇರುತ್ತದೆ. ಅದು ಕಷ್ಟ ಅನಿಸಿದರೆ ಬುಡ ಸಮೇತ ತೆಗೆಯುವುದೇ ನೆಮ್ಮದಿ. ಪೂಜೆಗೆ ಕೇಪಳ, ದಾಸವಾಳ, ತುಳಸಿ ಇದ್ದೇ ಇವೆ. ಕಡಿಯುವವರು ಕೈಗವಸು ಹಾಕಿಕೊಳ್ಳಲಿ. ಕಡಿದದ್ದನ್ನು ಗುಂಡಿ ತೋಡಿ ಹೂತುಬಿಡಿ. ಬಚ್ಚಲೊಲೆಗೆ ಹಾಕಬೇಡಿ, ಹೊಗೆಯಲ್ಲೂ ವಿಷ ಇರುತ್ತದೆ. ಕೆರೆ, ತೋಡಿನ ನೀರಿಗೆ ಎಸೆಯಬೇಡಿ.

ಬೇಲಿಯ ಹಳದಿ ಕಣಗಿಲೆ ಬೇರೆ ಗಿಡ, ಕ್ಯಾಸ್ಕಬೆಲಾ ಥೆವೆಶಿಯಾ. ಮಲಯಾಳಿಗಳು ಇದನ್ನೂ ಅರಳಿಯ ಲೆಕ್ಕಕ್ಕೇ ಸೇರಿಸಿ ಮಞ್ಞ ಅರಳಿ ಅನ್ನುತ್ತಾರೆ. ಎಲೆ ಇನ್ನೂ ಕಿರಿದು, ಹೊಳಪು. ಕಿತ್ತರೆ ಬಿಳಿ ಹಾಲು ಸುರಿಯುತ್ತದೆ. ಹೂ ಪೂರ್ತಿ ಬಿರಿಯದ ಗಂಟೆಯ ಹಾಗೆ. ಕಾಯಿ ಹಸಿರಾಗಿ, ಮೂಲೆಮೂಲೆಯಾಗಿ ಇದ್ದು ಆಮೇಲೆ ಕಪ್ಪಾಗುತ್ತದೆ. ಒಳಗೆ ಒಂದು ಗಟ್ಟಿ ಓಟೆ. ಇದೂ ಹೃದಯಕ್ಕೇ ಹೊಡೆಯುವ ವಿಷ, ಅದರಲ್ಲೂ ಬೀಜ ತುಂಬಾ ಅಪಾಯ. ಆರು ವರ್ಷದ ಮಗನಿಗೆ ಆ ಕಾಯಿ ಗೋಲಿಯ ಹಾಗೆ, ಆಟದ ಸಾಮಾನಿನ ಹಾಗೆ ಕಾಣುತ್ತದೆ. ದಿನಾ ಕಾಯಿ ಹೆಕ್ಕಿ ಎಸೆಯುತ್ತೇವೆ ಅಂತ ಹೇಳುವವರನ್ನು ನೋಡಿದ್ದೇನೆ. ನಾಲ್ಕು ದಿನ ನಡೆಯುತ್ತದೆ. ಮನೆಯಲ್ಲಿ ಮಕ್ಕಳಿರುವಾಗ ಇದನ್ನು ಇಟ್ಟುಕೊಳ್ಳಬೇಡಿ. ನಾಲ್ಕರಲ್ಲಿ ಇದೊಂದನ್ನು ಉಳಿಸಿ ಅಂತ ನಾನು ಹೇಳಲಾರೆ.

ಅತ್ತೆಯವರ ದೇವಕಣಗಿಲೆಯನ್ನು ಮುಟ್ಟಬೇಡಿ. ಪ್ಲುಮೇರಿಯಾ ಅಂತ ಇದರ ಹೆಸರು. ಹಾಲುಸಂಪಿಗೆ, ಗೋಸಂಪಿಗೆ ಅಂತಲೂ ಕರೆಯುತ್ತಾರೆ. ಅಲ್ಲಿ ಸಂಪಿಗೆಯ ಜೊತೆ ಇನ್ನೊಂದು ಗೊಂದಲ ಶುರು. ಮಲಯಾಳಿಗಳು ಚೆಂಪಕಂ ಅಂದರೆ ಇದೂ ಆಗಬಹುದು, ನಿಜವಾದ ಸಂಪಿಗೆಯೂ ಆಗಬಹುದು. ದಪ್ಪ ಗೆಲ್ಲು, ತುದಿಯಲ್ಲಿ ಮಾತ್ರ ದೊಡ್ಡ ಎಲೆಗಳ ಗೊಂಚಲು, ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುವ ಮರ ಅಲ್ವಾ? ಅದೇ. ಹಾಲು ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಸುತ್ತದೆ, ಕಣ್ಣಿಗೆ ಬೀಳಬಾರದು. ತಿನ್ನುವ ವಸ್ತುವಂತೂ ಅಲ್ಲ. ಆದರೆ ಕೆಂಪು, ಹಳದಿ ಕಣಗಿಲೆಗಳ ಸಾಲಿನಲ್ಲಿ ಇದನ್ನು ನಿಲ್ಲಿಸುವುದು ಅನ್ಯಾಯ.

ಕಾಶಿಕಣಗಿಲೆ, ಅಂದರೆ ನಿತ್ಯಪುಷ್ಪ, ಅಂದಕ್ಕೆ ಇರಲಿ. ಕಷಾಯವನ್ನು ಮಾತ್ರ ನಿಲ್ಲಿಸಬೇಕು. ಅತ್ತೆಗೆ ಇದನ್ನು ಹೇಳುವುದು ಸುಲಭವಲ್ಲ, ನನಗೆ ಗೊತ್ತು. ಅವರಿಗೆ ಈ ಕಥೆ ಹೇಳಿ ನೋಡಿ. ಸಕ್ಕರೆ ಕಾಯಿಲೆಗೆ ಇದರ ಎಲೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ, ದೂರದ ಜಮೈಕಾದಲ್ಲೂ ಇತ್ತು. 1950ರ ದಶಕದಲ್ಲಿ ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಎಂಬ ವಿಜ್ಞಾನಿಗಳು ಅದು ನಿಜವಾ ಅಂತ ಪರೀಕ್ಷೆ ಮಾಡಿದರು. ಪ್ರಯೋಗದ ಪ್ರಾಣಿಗಳ ರಕ್ತದಲ್ಲಿ ಸಕ್ಕರೆ ಇಳಿಯಲಿಲ್ಲ. ಎಲೆಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟಾಗ ಬಿಳಿ ರಕ್ತಕಣಗಳು ಇಳಿದವು! ರೋಗ ತಡೆಯುವ ಕಣಗಳವು. ಆ ದಾರಿಯಲ್ಲೇ ಮುಂದೆ ಹೋಗಿ ವಿನ್‌ಬ್ಲಾಸ್ಟಿನ್ ಸಿಕ್ಕಿತು, ಆಮೇಲೆ ವಿನ್‌ಕ್ರಿಸ್ಟಿನ್ ಬಂತು. ಇಂದಿಗೂ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ವೈದ್ಯರು ಅಳೆದು, ಕಣ್ಣಿಟ್ಟು ಕೊಡುವ ಮದ್ದು ವಿನ್‌ಕ್ರಿಸ್ಟಿನ್. ಅಂಥ ಅಂಶಗಳಿರುವ ಗಿಡವನ್ನು ಅಳತೆಯಿಲ್ಲದೆ ಚೊಂಬಿನಲ್ಲಿ ಕುದಿಸಿ ಕುಡಿಯುವುದು ಬೇಡ. ಅತ್ತೆ ಸಕ್ಕರೆಗೆ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ, ಕಷಾಯದ ವಿಷಯವನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬೈಯುತ್ತಾರೆ ಅಂತ ಹೆಚ್ಚಿನವರು ಹೇಳುವುದೇ ಇಲ್ಲ.

ಬ್ರಹ್ಮಿಯ ವಿಷಯದಲ್ಲಿ ನೀವು ಮೋಸ ಹೋಗಿಲ್ಲ. ನಮ್ಮ ಕಡೆ ಅನೇಕರು ಬ್ರಾಹ್ಮಿ ಅನ್ನುವುದು ಒಂದೆಲಗಕ್ಕೆ, ಅಂದರೆ ನಿಮ್ಮ ತಿಮರೆಗೆ. ಕೇರಳದಲ್ಲಿ ಬ್ರಹ್ಮಿ ಅಂದರೆ ನೀರುಬ್ರಾಹ್ಮಿ. ಸಣ್ಣ ಸಣ್ಣ ದಪ್ಪ ಎಲೆ, ಒದ್ದೆ ನೆಲದಲ್ಲಿ ಹರಡುವ ಗಿಡ, ತೀರಾ ಕಹಿ. ನರ್ಸರಿಯವರು ತಮ್ಮ ಭಾಷೆಯ ಗಿಡವನ್ನೇ ಕೊಟ್ಟಿದ್ದಾರೆ. ಎರಡೂ ವಿಷವಲ್ಲ. ಆದರೆ ತಂಬುಳಿಗೆ ತಿಮರೆಯೇ ಬೇಕು. ಇದರಲ್ಲಿ ಮಾಡಿದರೆ ಮನೆಯವರು ಬಟ್ಟಲು ಮುಂದಕ್ಕೆ ತಳ್ಳುತ್ತಾರೆ. ನರ್ಸರಿಯ ಮಾತು ಬಂದದ್ದಕ್ಕೆ ಇನ್ನೊಂದು: ಡೆಸರ್ಟ್ ರೋಸ್, ಮರುಭೂಮಿಯ ಗುಲಾಬಿ ಅಂತ ಚೀಟಿ ಹಚ್ಚಿ ಮಾರುವ ದಪ್ಪ ಬುಡದ ಅಡೇನಿಯಂ ಗುಲಾಬಿ ಅಲ್ಲ. ಅದೂ ಕಣಗಿಲೆಯ ಕುಟುಂಬದ್ದು, ಅದರಲ್ಲೂ ಹೃದಯಕ್ಕೆ ತಾಗುವ ವಿಷವೇ ಇದೆ. ಅದರ ಎಸಳನ್ನು ಯಾರೂ ಗುಲ್ಕಂದಕ್ಕೆ ಹಾಕಬಾರದು.

ಯಾರಾದರೂ ಕಣಗಿಲೆ ತಿಂದದ್ದು ಗೊತ್ತಾದರೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬಾಯಲ್ಲಿ ಉಳಿದದ್ದನ್ನು ತೆಗೆದು ಬಾಯಿ ಮುಕ್ಕಳಿಸಲಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಹುಳಿನೀರು, ಉಪ್ಪುನೀರು ಕುಡಿಸುತ್ತಾ ಹೊತ್ತು ಕಳೆಯಬೇಡಿ. ತೊಂದರೆ ಕಾಣದಿದ್ದರೂ ಕೂಡಲೇ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ.

ಹೋಗುವಾಗ ಎಲೆ, ಹೂ ಇರುವ ಒಂದು ಗೆಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೈಯಲ್ಲೇ ಹಿಡಿದುಕೊಳ್ಳಿ. ನಮ್ಮ ಕಡೆಯವರು ದೊಡ್ಡ ಕಾಯಿಲೆಗೆ ಒಮ್ಮೆ ಕಾಸರಗೋಡಿಗೆ ಓಡುತ್ತೇವೆ, ಒಮ್ಮೆ ಮಂಗಳೂರಿಗೆ. ಕಾಸರಗೋಡಿನ ಮಲಯಾಳಿ ಡಾಕ್ಟರಿಗೆ ಅರಳಿ ಅಂದರೆ ತಕ್ಷಣ ಅರ್ಥವಾಗುತ್ತದೆ. ಚೇಚಿಯಿಂದ ಕಲಿತ ಅದೇ ಮಾತನ್ನು ಮಂಗಳೂರಿನ ಕನ್ನಡದ ಡಾಕ್ಟರಿಗೆ ಗಾಬರಿಯಲ್ಲಿ ಹೇಳಿದರೆ ಅವರ ಮನಸ್ಸಿಗೆ ಬರುವುದು ಅಶ್ವತ್ಥದ ಎಲೆ. ಗೆಲ್ಲು ನೋಡಿದರೆ ಆ ತೊಂದರೆ ಇಲ್ಲ. ಗೆಲ್ಲು ತರಲಾಗದಿದ್ದರೆ ಫೋನಿನಲ್ಲಿ ಎಲೆಯ ಹಿಂದು ಮುಂದು, ಹೂ, ಇಡೀ ಗಿಡ, ಎಲ್ಲದರ ಫೋಟೋ ತೆಗೆಯಿರಿ. ನೇರಿಯಂ ಎಂಬ ಒಂದು ಪದವನ್ನು ಮನೆಯ ಎಲ್ಲರೂ ನೆನಪಿಟ್ಟುಕೊಳ್ಳಿ.

ಈ ಕಷ್ಟ ಹಳೆಯದು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾದ ಹೋರ್ತೂಸ್ ಮಲಬಾರಿಕೂಸ್ ನಮ್ಮ ಮಲಬಾರಿನ ಗಿಡಗಳದ್ದೇ ಗ್ರಂಥ. ಅದಕ್ಕೆ ನೆರವಾದವರಲ್ಲಿ ಮಲಯಾಳಿ ವೈದ್ಯರಾದ ಇಟ್ಟಿ ಅಚ್ಯುತನ್ ಇದ್ದರು, ಕೊಂಕಣಿಯ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೂ ಇದ್ದರು. ಗಿಡದ ಚಿತ್ರದ ಮೇಲೆ ಹೆಸರನ್ನು ಬೇರೆ ಬೇರೆ ಲಿಪಿಗಳಲ್ಲಿ ಬರೆದರು. ಒಂದು ಚಿತ್ರ, ಹಲವು ಹೆಸರು. ಆ ಪುಟಗಳನ್ನು ನೋಡುವಾಗೆಲ್ಲ ನನಗೆ ಬೆಂಚಿನ ಆ ಇಬ್ಬರು ಹುಡುಗಿಯರು ನೆನಪಾಗುತ್ತಾರೆ.

ನಿಮ್ಮ ವಾಟ್ಸಾಪ್ ಗುಂಪಿಗೆ ಇವತ್ತೇ ಎರಡು ಫೋಟೋ ಹಾಕಿ. ಒಂದು ಕಟ್ಟೆಯ ಅಶ್ವತ್ಥದ ಎಲೆ, ಇನ್ನೊಂದು ನಿಮ್ಮ ಹಟ್ಟಿ ಬದಿಯ ಕಣಗಿಲೆಯ ಗೆಲ್ಲು. ಕೆಳಗೆ ಹೀಗೆ ಬರೆಯಿರಿ: “ಮಲಯಾಳದ ಅರಳಿ ಅಂದರೆ ನಮ್ಮ ಕಣಗಿಲೆ. ವಿಷ ಇರುವುದು ಎರಡನೆಯ ಫೋಟೋದಲ್ಲಿ. ಹಟ್ಟಿಗೆ ಸೊಪ್ಪು ಹಾಕುವವರಿಗೂ ತೋರಿಸಿ.” ಚೇಚಿಗೂ ಅದನ್ನೇ ಕಳಿಸಿ. ಅವರ ಕೈಯಲ್ಲಿ ಮಲಯಾಳಂನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಗಿಡ ಕಡಿಯುವ ದಿನ ದನವನ್ನೂ ಕರುವನ್ನೂ ಬೇರೆ ಕಡೆ ಕಟ್ಟಿ. ಬಿದ್ದ ಎಲೆಗಳನ್ನು ಎರಡು ಸಲ ಗುಡಿಸಿದ ಮೇಲೆಯೇ ಹಟ್ಟಿಗೆ ತನ್ನಿ.